ತಲೆಕೆಳಗಾದ ಪೇರಲ ಹಣ್ಣು

ಇಂಗ್ಲಿಷರು ಇನ್ನೂ ನಮ್ಮನ್ನು ಆಳುತ್ತಿದ್ದ ಕಾಲ. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ನಮ್ಮ ಓಣಿಯಲ್ಲಿ ಅವರ ಭಾಷೆ ಬಲ್ಲ ಹೆಂಗಸು ಒಬ್ಬಳೇ. ಅದು ನಾನು! ಧಾರವಾಡದ ತವರಿನಲ್ಲಿ ಇಂಗ್ಲಿಷ್ ಮೂರನೆಯ ಇಯತ್ತೆ ಓದಿ, ಮದುವೆಯಾಯಿತೆಂದು ಸಾಲೆ ಬಿಟ್ಟವಳು. ನಾಲ್ಕನೆಯದನ್ನೂ ಓದಿದ್ದರೆ ಸರಕಾರದ ಗತಿ ಏನಾಗುತ್ತಿತ್ತೋ ಹೇಳಲಾರೆ.

ನನಗೆ ಇನ್ನೊಂದು ವಿದ್ಯೆಯೂ ಇತ್ತು. ಎಚ್ಚರವಿದ್ದೇ ಕನಸು ಕಾಣುವುದು. ಒಲೆಯ ಮೇಲೆ ಹಾಲಿಟ್ಟು ಕಿಟಕಿಯಾಚೆ ಮೋಡ ನೋಡಿದರೆ ಸಾಕು, ಹಾಲೂ ಹೋಯಿತು, ನಾನೂ ಹೋದೆ. "ಎಲ್ಲಿದ್ದೀಯವ್ವಾ ಶಾಂತಾ?" ಎಂದು ಅತ್ತೆ ಪಡಸಾಲೆಯಿಂದ ಕೂಗಿದ ಮೇಲೆಯೇ ನಾನು ಭೂಮಿಗೆ ಇಳಿಯುತ್ತಿದ್ದೆ.

ಆ ವರ್ಷ ಅತ್ತೆಯ ದನಿ ಕುಗ್ಗಿತ್ತು. ಏಳುವಾಗ ಗೋಡೆ ಹಿಡಿಯುತ್ತಿದ್ದರು. ಬೀಸುವ ಕಲ್ಲಿನ ಮುಂದೆ ಕೂತರೆ ಹಲ್ಲು ಕಚ್ಚುತ್ತಿದ್ದರು. ಕೇಳಿದರೆ "ಏನಿಲ್ಲವ್ವಾ, ನಡಕ್ಕ ವಾಯು ಹಿಡದೈತಿ" ಎಂಬ ಉತ್ತರ. ಒಂದು ದಿನ ಬಚ್ಚಲಿನಿಂದ ಬಂದವರೇ "ನಾ ಬಾಳ ದಿನ ಉಳಿಯೂದಿಲ್ಲ ಕಾಣಸ್ತೈತಿ" ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ದವಾಖಾನೆಗೆ ಹೋಗೋಣವೆಂದರೆ "ಯಾರ ಮುಂದ ಏನಂತ ಹೇಳ್ಲಿ? ನನಗ ಬಾಯೇ ಬರೂದಿಲ್ಲ" ಎಂದರು. ನನಗೆ ನಿಜಕ್ಕೂ ಹೆದರಿಕೆಯಾಯಿತು. ತಾಯಿ ಇಲ್ಲದ ನನಗೆ ದಿನಾ ತಲೆ ಬಾಚಿ ಹೆರಳು ಹಾಕುತ್ತಿದ್ದವರು ಅವರೇ.

ಅಷ್ಟರಲ್ಲಿ ಮದ್ರಾಸಿನ ಕಡೆಯ ಡಾಕ್ಟರಬಾಯಿಯೊಬ್ಬರು ಊರಿನ ದವಾಖಾನೆಗೆ ಬಂದರು. ಮಹಿಳಾ ಮಂಡಳದಲ್ಲಿ ಹೆಣ್ಣಿನ ಶರೀರದ ಬಗ್ಗೆ ಅವರ ಭಾಷಣವಿತ್ತು. ಅವರಿಗೆ ಕನ್ನಡ ಬಾರದು, ಮಂಡಳಕ್ಕೆ ಇಂಗ್ಲಿಷ್ ಬಾರದು. ನಡುವೆ ನಿಂತು ತಿಳಿಸಿ ಹೇಳುವವರು ಯಾರು? ಇದ್ದೇನಲ್ಲ! "ತಿನ್ನಾಕ ಉಸಳಿ ಕೊಡ್ತಾರ ಬರ್ರಿ" ಎಂದು ಪುಸಲಾಯಿಸಿ ಅತ್ತೆಯನ್ನೂ ಕರೆದೊಯ್ದೆ. ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿಸಿ ಕೂಡಿಸಿದೆ. ಈ ಭಾಷಣ ಕೇಳಿಯಾದರೂ ಅವರು ಬಾಯಿ ಬಿಟ್ಟಾರು ಎಂಬುದು ನನ್ನ ಆಸೆ.

ಮಧ್ಯಾಹ್ನದ ಹೊತ್ತು. ಗೋಡೆಗೆ ತೂಗುಹಾಕಿದ್ದ ದೊಡ್ಡ ಚಿತ್ರಪಟ ಕಿಟಕಿಯ ಗಾಳಿಗೆ ಮೆಲ್ಲಗೆ ಓಲಾಡುತ್ತಿತ್ತು. ಅದರ ನಡುವೆ ಗರ್ಭಚೀಲ, ಎಡಕ್ಕೂ ಬಲಕ್ಕೂ ತೋಳು ಚಾಚಿದಂತೆ ಎರಡು ನಳಿಕೆ. ಡಾಕ್ಟರಬಾಯಿ ಚಿತ್ರಕ್ಕೆ ಕೋಲು ತಾಗಿಸಿ, ಗರ್ಭಚೀಲದ ಆಕಾರ ತಲೆಕೆಳಗು ಮಾಡಿದ 'ಪೇರ್' ಹಣ್ಣಿನ ಹಾಗೆ ಎಂದರು.

ಪೇರ್! ನಮ್ಮ ಸಾಲೆಯ ಮಾಸ್ತರರು ಪುಸ್ತಕದ ಚಿತ್ರ ತೋರಿಸಿ, ಪೇರ್ ಎಂದರೆ ಪೇರಲ ಎಂದು ಕಲಿಸಿದ್ದರು. ಪಾಪ, ಅವರೂ ಪೇರ್ ಕಂಡವರಲ್ಲ. ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ನಾನು ಧಾರವಾಡದ ಹಿತ್ತಲಿಗೆ ಹೋಗಿಬಿಟ್ಟೆ. ಪೇರಲ ಗಿಡದ ನುಣುಪು ಕೊಂಬೆ, ಎಲೆಗಳ ಸಂದಿನಲ್ಲಿ ಬಿಸಿಲು, ಗಿಳಿ ಕಚ್ಚಿದ ಹಣ್ಣಿನ ವಾಸನೆ. ಆ ಗಿಡದ ಕೆಳಗೆ ನಿಂತುಕೊಂಡೇ ಘೋಷಿಸಿದೆ:

"ತಾಯಂದಿರಾ, ಎಲ್ಲಾ ಹೆಣ್ಣಮಕ್ಕಳ ಹೊಟ್ಟ್ಯಾಗ ಒಂದೊಂದು ಪೇರಲಹಣ್ಣು ಐತ್ರಿ! ಅದೂ ತಲಿಕೆಳಗಾಗಿ!"

ಮುಂದೆ ಕೂತಿದ್ದ ಒಬ್ಬ ಮುದುಕಿ ಕೇಳಿದಳು, "ಕೆಂಪ ಪೇರಲೋ, ಬಿಳೀದೋ?"

ಡಾಕ್ಟರಬಾಯಿಯನ್ನು ಕೇಳುವ ಗೊಡವೆಗೇ ಹೋಗದೆ "ಕೆಂಪು" ಎಂದು ತೀರ್ಪು ಕೊಟ್ಟೆ. ನಳಿಕೆಗಳ ಹತ್ತಿರದ ಅಂಡಾಶಯಗಳು ಬಾದಾಮಿಯಷ್ಟು ಎಂದು ಅವರು ಹೇಳಿದ್ದನ್ನು "ಆ ಕಡೆ ಒಂದು, ಈ ಕಡೆ ಒಂದು ಬದಾಮಿ" ಎಂದೆ. ತಿಂಗಳಿಗೊಮ್ಮೆ ಅಲ್ಲಿಂದ ಒಂದು ತತ್ತಿ ಹೊರಟು ನಳಿಕೆಯೊಳಗೆ ಬರುತ್ತದೆ, ಗರ್ಭ ನಿಲ್ಲದಿದ್ದರೆ ಒಳಗಿನ ಪದರು ಕಳಚಿ ಮುಟ್ಟಾಗುತ್ತದೆ ಎಂದೂ ತಿಳಿಸಿದೆ.

"ಪೇರಲ, ಬದಾಮಿ, ತತ್ತಿ! ದೇವರು ಒಳಗ ಒಂದ ಸಂತಿನ ಹಚ್ಯಾನಲ್ಲಬೇ!" ಎಂದು ಮುದುಕಿ ಗಲ್ಲದ ಮೇಲೆ ಕೈ ಇಟ್ಟಳು.

ನಾನು ಉಬ್ಬಿಹೋದೆ. ಡಾಕ್ಟರಬಾಯಿ ಮುಂದಿನ ವಿಷಯ ಎತ್ತಿದರು, ಗರ್ಭಚೀಲ ಜಾರುವುದು. ನಾನು ಇನ್ನೂ ಗಿಡದ ಕೆಳಗೇ ನಿಂತು ಅದನ್ನು ತಿಳಿಸಿ ಹೇಳಿದೆ:

"ಹಡದು ಹಡದು, ನೀರು ಹೊತ್ತು, ಬೀಸಿ ಬೀಸಿ ತೊಟ್ಟು ಸಡಲಾತಂದ್ರ ಹಣ್ಣು ಕೆಳಗ ಜಾರತೈತ್ರಿ. ಒಮ್ಮೊಮ್ಮೆ ಹೊರಗೂ ಬರತೈತಿ. ಅಂಜಬ್ಯಾಡ್ರಿ, ಅದಕ್ಕ ಉಪಾಯ ಐತಿ."

"ಹಂಗಾರ ಅದು ಸಾಯೂ ರೋಗ ಅಲ್ಲೇನು?"

ಎಲ್ಲರೂ ಹಿಂದಿರುಗಿ ನೋಡಿದರು. ಅತ್ತೆ ಕಂಬ ಹಿಡಿದು ಎದ್ದು ನಿಂತಿದ್ದರು. "ನನ್ನ ಹಣ್ಣ ಜಾರೇತ್ರಿ. ವರ್ಷಾತು. ನಾ ಹುಣ್ಣು ಅನಕೊಂಡಿದ್ದೆ" ಎಂದು ಅಷ್ಟೂ ಜನರ ಮುಂದೆ ಹೇಳಿದರು. ನನ್ನ ಕಣ್ಣು ತುಂಬಿ ಬಂತು. ಮುಂದಿನ ಭಾಷಣದ ಒಂದು ಮಾತೂ ನನಗೆ ಕೇಳಿಸಲಿಲ್ಲ.

ಮರುದಿನ ದವಾಖಾನೆಯಲ್ಲಿ ಅತ್ತೆ ತಾವೇ ಬಾಯಿಬಿಟ್ಟು "ಹಣ್ಣು ಜಾರೇತ್ರಿ ಬಾಯಾರ" ಎಂದರು. ಯಾವ ಹಣ್ಣು ಎಂದು ಡಾಕ್ಟರಬಾಯಿ ನನ್ನನ್ನು ಕೇಳಿದರು. ಬಾಗಿಲಲ್ಲೇ ಮಾರುತ್ತಿದ್ದ ಒಂದು ಪೇರಲ ಹಣ್ಣು ತಂದು ಹೆಮ್ಮೆಯಿಂದ ಮೇಜಿನ ಮೇಲೆ ಇಟ್ಟೆ. ಅವರು ಹಣ್ಣನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತು ಕಾಗದದ ಮೇಲೆ ಉದ್ದ ಕುತ್ತಿಗೆಯ ಬೇರೊಂದು ಹಣ್ಣು ಬರೆದು ತೋರಿಸಿದರು. ಅಯ್ಯೋ ಶಿವನೇ! ಊರಿನ ಅರ್ಧ ಹೆಂಗಸರ ಗರ್ಭಚೀಲವನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಗುಂಡಗೆ ಮಾಡಿಟ್ಟಿದ್ದೆ! ತಿದ್ದಲು ಹೊತ್ತು ಮೀರಿತ್ತು. ಬಜಾರಿನಲ್ಲಿ ಹೆಂಗಸರು ಪೇರಲದ ಬುಟ್ಟಿ ಕಂಡರೆ ನಾಚಿ ಸೆರಗು ಎಳೆದುಕೊಳ್ಳುತ್ತಿದ್ದರಂತೆ.

ಡಾಕ್ಟರಬಾಯಿ ಜಾರಿದ್ದನ್ನು ಮೇಲಕ್ಕೆ ಸೇರಿಸಿ, ಅದು ಅಲ್ಲೇ ನಿಲ್ಲಲೆಂದು ಒಳಗೆ ಒಂದು ರಬ್ಬರಿನ ಉಂಗುರ ಕೂಡಿಸಿದರು. ಅತ್ತೆ ಗೋಡೆ ಹಿಡಿಯದೆ ಮನೆಗೆ ನಡೆದು ಬಂದರು. ಬಟ್ಟೆ ಅಂಗಡಿಯಿಂದ ಊಟಕ್ಕೆ ಬಂದ ನಮ್ಮವರು ಕೇಳಿದರು, "ಅವ್ವ ಹೆಂಗದಾಳ?"

"ಆರಾಮದಾರ್ರಿ. ಡಾಕ್ಟರಬಾಯಿ ಉಂಗುರ ಹಾಕ್ಯಾರ."

"ಉಂಗುರ? ನಮ್ಮವ್ವಗ?" ಅವರ ಮುಖ ಅರಳಿತು. ಬಿಡಿಸಿ ಹೇಳಬೇಕೆನ್ನುವಷ್ಟರಲ್ಲಿ ಕಿಟಕಿಯಾಚೆ ಒಂದು ಬಿಳಿ ಮೋಡ ಬಂತು. ನಾನು ತಿರುಗಿ ಬರುವ ಹೊತ್ತಿಗೆ ನಮ್ಮವರು ಓಣಿಯಲ್ಲೆಲ್ಲ ಸುದ್ದಿ ಹಂಚಿ ಮುಗಿಸಿದ್ದರು. ಸಭೆಯಲ್ಲಿ ಧೈರ್ಯದಿಂದ ಮಾತಾಡಿದ್ದಕ್ಕೆ ಅವ್ವನಿಗೆ ಡಾಕ್ಟರಬಾಯಿ ಉಂಗುರ ಹಾಕಿ ಸನ್ಮಾನ ಮಾಡಿದ್ದಾರೆ ಎಂದು!

ಸಂಜೆ ಪಡಸಾಲೆ ತುಂಬ ಜನ.

"ಯಕ್ಕಾ, ಬಂಗಾರದ್ದೇನ್ರಿ? ತೋರಸ್ರಲ್ಲಾ!"

ಅತ್ತೆ ತಮ್ಮ ಬರಿಯ ಬೆರಳುಗಳನ್ನು ನೋಡಿಕೊಂಡರು. ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಒಳಗ ಇಟ್ಟೇನ್ರವ್ವಾ," ಎಂದರು ಅತ್ತೆ, ತಣ್ಣಗೆ. "ದಿನಾ ತಗದು ತೋರಸೂ ಅಂಥಾದಲ್ಲ ಅದು."

"ಖರೇ ಮಾತ್ರಿ. ಜ್ವಾಪಾನ ಇಟ್ಕೋರಿ!" ಎಂದು ಹರಸಿ ಎಲ್ಲರೂ ಹೊರಟರು. ಬಾಗಿಲು ಹಾಕಿದ ಮೇಲೆ ಅತ್ತೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ವರ್ಷದಿಂದ ಆ ನಗೆಗಾಗಿ ಕಾದಿದ್ದ ನಾನೂ ನಕ್ಕೆ.

ನಕ್ಕದ್ದು ಅಷ್ಟೇ. ಅತ್ತೆ ಇನ್ನು ಮೇಲೆ ಕೊಡ ಎತ್ತಬಾರದು, ಬೀಸಬಾರದು, ಎಲ್ಲವನ್ನೂ ಸೊಸೆಯೇ ಮಾಡಬೇಕು ಎಂದು ಡಾಕ್ಟರಬಾಯಿ ಅಪ್ಪಣೆ ಕೊಟ್ಟಿದ್ದರು. ಈಗ ಬೀಸುವ ಕಲ್ಲಿನ ಗರಗರ ಸದ್ದಿನಲ್ಲಿ ಕಣ್ಣು ಮುಚ್ಚಿ ಬರುತ್ತದೆ, ತವರಿನ ಪೇರಲ ಗಿಡ ಕಾಣುತ್ತದೆ, ಇನ್ನೇನು ಹಣ್ಣಿಗೆ ಕೈ ಹಾಕಬೇಕು, ಪಡಸಾಲೆಯಿಂದ ಗಟ್ಟಿ ದನಿ ಬರುತ್ತದೆ: "ಎಲ್ಲಿದ್ದೀಯವ್ವಾ ಇಂಗ್ಲಿಷಬಾಯಿ? ಹಿಟ್ಟು ದಪ್ಪ ಬೀಳಾಕತ್ತೈತಿ!"

ಯಾರನ್ನು ದೂರಲಿ? ಡಾಕ್ಟರಬಾಯಿಯ ಆ ಅಪ್ಪಣೆಯೊಂದನ್ನು ಮಾತ್ರ ನಾನು ಒಂದಕ್ಷರವೂ ತಪ್ಪದೆ ಕನ್ನಡದಲ್ಲಿ ಹೇಳಿದ್ದೆ!