ಯುದ್ಧದಿಂದ ಬಂದ ಗಿರಣಿ

ಕೊಂಡ ವಸ್ತುವನ್ನು ಸುಮ್ಮನೆ ಬಳಸುವ ಸ್ವಭಾವ ನನ್ನದಲ್ಲ. ಅದಕ್ಕೊಂದು ಪೂರ್ವೇತಿಹಾಸ ಕಟ್ಟಿ ನಾಲ್ಕು ಜನರಿಗೆ ಹೇಳದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ಶಿರಾಳಕೊಪ್ಪದ ಸಂತೆಯಲ್ಲಿ ತಂದ ಹಳೆಯ ಕೊಡೆಯನ್ನು ಯಾರೋ ಅಮಲ್ದಾರರು ಹಿಡಿದದ್ದೆಂದು ಹೇಳಿಕೊಂಡೇ ಒಂದು ಮಳೆಗಾಲ ಕಳೆದೆ. ಕೊಡೆ ಸೋರುತ್ತಿತ್ತು ಎಂಬುದು ಬೇರೆ ಮಾತು. ಅಮಲ್ದಾರರು ನೆನೆದಿದ್ದರೆ ಅದಕ್ಕೆ ನಾನು ಹೊಣೆಯಲ್ಲ. ಈ ಚಟ ಕೊಡೆಗೇ ನಿಂತಿದ್ದರೆ ಚೆನ್ನಾಗಿತ್ತು. ಎಂಜಿನ್ನಿಗೂ ಹಬ್ಬಿತು.

ಎರಡನೇ ಮಹಾಯುದ್ಧ ಮುಗಿದು ಹತ್ತು ಹನ್ನೆರಡು ವರ್ಷವಾಗಿದ್ದರೂ, ಮಿಲಿಟರಿಯವರು ಬೇಡವೆಂದು ಮಾರಿದ ಸಾಮಾನು ಕೈಯಿಂದ ಕೈಗೆ ದಾಟುತ್ತ ನಮ್ಮ ಕಡೆಗೂ ಬರುತ್ತಿದ್ದ ಕಾಲ ಅದು. ಆನವಟ್ಟಿಯಲ್ಲಿ ನಮ್ಮ ಮನೆಗೆ ಹೊಂದಿಕೊಂಡ ಕೊಟ್ಟಿಗೆಯಲ್ಲಿ ಸಣ್ಣದೊಂದು ಹಿಟ್ಟಿನ ಗಿರಣಿ ಹೂಡಲು ಅಂಥದೊಂದು ಎಂಜಿನ್ನು ತಂದೆ. ಟಗರಿನಷ್ಟು ಗಾತ್ರ, ಹಸಿರು ಬಣ್ಣ. ಒಂದು ಮಗ್ಗುಲಲ್ಲಿ ಮಾತ್ರ ಬಣ್ಣವೆಲ್ಲ ಎದ್ದು ಕಬ್ಬಿಣ ತಿಂದುಹೋಗಿತ್ತು. ಗಿರಣಿ ಬೇಕೆಂದವಳು ನನ್ನ ಹೆಂಡತಿ ಗಿರಿಜೆ. ಮದುವೆಯಾದಾಗಿನಿಂದ ಬೀಸುವ ಕಲ್ಲು ತಿರುಗಿಸಿ ತಿರುಗಿಸಿ ಅವಳ ಬಲತೋಳು ಮೇಲೇಳುತ್ತಿರಲಿಲ್ಲ. ಜಡೆ ಹಾಕಿಸಿಕೊಳ್ಳಲು ಪಕ್ಕದ ಮನೆಗೆ ಹೋಗುತ್ತಿದ್ದಳು. ಗಿರಣಿಯ ಮೊದಲ ಹಿಟ್ಟು ಬೆಚ್ಚಗೆ ಡಬ್ಬಿಗೆ ಬಿದ್ದ ದಿನವೇ ಬೀಸುವ ಕಲ್ಲನ್ನು ನನ್ನ ಕೈಯಲ್ಲೇ ಹಿತ್ತಿಲಿಗೆ ಹೊರಿಸಿದಳು.

ಅಷ್ಟಕ್ಕೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಜೋಳ ತಂದವರಿಗೆಲ್ಲ, "ಬರ್ಮಾದ ಕಾಡಿನಾಗೆ ತೋಪು ನಡೆಸಿದ ಎಂಜಿನ್ನು ಇದು. ಇದರ ಸದ್ದು ಕೇಳಿದ್ರೆ ವೈರಿಗಳು ಸಾಲುಸಾಲು ಉರುಳ್ತಿದ್ರು" ಎಂದು ಹೇಳತೊಡಗಿದೆ. ತೋಪಿಗೂ ಎಂಜಿನ್ನಿಗೂ ಏನು ಸಂಬಂಧವೆಂದು ನನಗೂ ಗೊತ್ತಿರಲಿಲ್ಲ, ಕೇಳಿದವರಿಗೂ ಗೊತ್ತಿರಲಿಲ್ಲ. ಆದರೆ ಜಗುಲಿಯಲ್ಲಿ ಕೂತಿದ್ದ ನನ್ನ ಅವ್ವನ ಕಿವಿಗೆ ಅದು ಬಿತ್ತು. ಆ ಮಧ್ಯಾಹ್ನ ಅವಳು ರೊಟ್ಟಿಯ ತಟ್ಟೆ ದೂರ ಸರಿಸಿದಳು.

"ಯಾರು ಯಾರೋ ಹೆತ್ತ ಮಕ್ಕಳನ್ನ ಕೊಂದು ಬಂದದ್ದು ಬೀಸಿದ ಹಿಟ್ಟು ನನ್ನ ಗಂಟಲಾಗೆ ಇಳಿಯಲ್ಲಪ್ಪ. ಗಿರಿಜಾ, ಕಲ್ಲು ಒಳಗೆ ತರಿಸು."

"ಅವ್ವ, ಅದು ಸುಮ್ನೆ ಹೇಳಿದ್ದು" ಎಂದೆ.

"ಹಂಗಾದ್ರೆ ಯುದ್ಧದಾಗೆ ಅದು ಏನು ಮಾಡ್ತಿತ್ತು, ಹೇಳು."

ನನಗೇನು ಗೊತ್ತು? ಕಲ್ಲು ಒಳಗೆ ಬಂತು. ಗಿರಿಜೆ ಎಡಗೈಯಲ್ಲಿ ಬೀಸುತ್ತ ಕೂತಳು. ಗೋಡೆಯಾಚೆ ಊರಿನವರ ಜೋಳ ಎಂಜಿನ್ನಿನಲ್ಲಿ ನುಣ್ಣಗಾಗುತ್ತಿದ್ದರೆ, ಈಚೆ ಗಿರಣಿ ಸಾಹುಕಾರನ ಹೆಂಡತಿ ಹಲ್ಲು ಕಚ್ಚಿ ಬೀಸುತ್ತಿದ್ದಳು. ನನಗೆ ರೊಟ್ಟಿ ಮುರಿಯಲು ನಾಚಿಕೆಯಾಯಿತು.

ಬಳ್ಳಿಗಾವಿಯಲ್ಲಿ ಬಸಪ್ಪ ಎಂಬವರಿದ್ದರು. ಯುದ್ಧಕ್ಕೆಂದು ಬರ್ಮಾದವರೆಗೆ ಹೋಗಿ ಬಂದವರಾದ್ದರಿಂದ ಜನ ಅವರನ್ನು ಹವಾಲ್ದಾರರೆಂದೇ ಕರೆಯುತ್ತಿದ್ದರು, ಅವರೂ ಬೇಡವೆನ್ನುತ್ತಿರಲಿಲ್ಲ. ಬಸ್ಸಿನಲ್ಲಿ ಹೋಗಿ ಅವರನ್ನು ಕರೆದುಕೊಂಡು ಬಂದೆ. ದಾರಿಯಲ್ಲಿ, ಎಂಜಿನ್ನು ಯಾರನ್ನೂ ಕೊಂದಿರಬಾರದು ಎಂದು ಸೂಕ್ಷ್ಮವಾಗಿ ತಿಳಿಸಿದೆ. "ಕಂಡದ್ದು ಹೇಳ್ತೀನ್ರಿ" ಎಂದರು.

ಅವರು ಎಂಜಿನ್ನನ್ನು ಸುತ್ತಿ ಬಂದು, ಬಣ್ಣ ಎದ್ದ ಮಗ್ಗುಲನ್ನು ಉಗುರಿನಿಂದ ಕೆರೆದು ನೋಡಿದರು. ಅವ್ವ ಬಾಗಿಲಲ್ಲಿ ನಿಂತಿದ್ದಳು, ಅವಳ ಹಿಂದೆ ಗಿರಿಜೆ.

"ಇದು ತೋಪಿನದಲ್ಲ, ಅಮ್ಮ. ಇಲ್ಲಿ ಆಸಿಡ್ ಚೆಲ್ಲಿ ತಿಂದೈತೆ ನೋಡ್ರಿ. ಪಕ್ಕದಾಗೆ ಬ್ಯಾಟರಿ ಇಟ್ಟು ಇದರಿಂದ ಕರೆಂಟು ತುಂಬ್ತಿದ್ರು. ವೈರ್‌ಲೆಸ್ಸಿನ ಬ್ಯಾಟರಿ. ನಮ್ಮ ಕ್ಯಾಂಪಿನಾಗೂ ಇಂಥದ್ದೇ ಇತ್ತು."

"ವೈರ್‌ಲೆಸ್ ಅಂದ್ರೆ?"

"ದೂರ ಇರೋರ ಜತೆ ಮಾತಾಡೋದು."

ನಾನು ಉಸಿರು ಬಿಟ್ಟೆ. ಅವ್ವ ಬಿಡಲಿಲ್ಲ. "ಏನು ಮಾತಾಡ್ತಿದ್ರು? ಎಲ್ಲಿ ಗುಂಡು ಹಾಕ್ಬೇಕು ಅಂತಲೇ?"

ಹವಾಲ್ದಾರರು ತಲೆ ಕೆರೆದುಕೊಂಡರು. ನಾನು ಮನೆದೇವರನ್ನು ನೆನೆದೆ.

"ಗುಂಡಿನದು ನಾನು ಕೇಳಿಲ್ಲಮ್ಮ. ನಾನು ಕೇಳಿದ್ದು ಒಂದೇ. ಹಿಟ್ಟು ಮುಗಿದೈತೆ, ಹುಡುಗ್ರು ಹಸಿದಾರೆ, ಬೇಗ ಹಿಟ್ಟು ಕಳಿಸ್ರಿ ಅಂತ."

ಅವ್ವ ಎಂಜಿನ್ನಿನ ಹತ್ತಿರ ಹೋಗಿ, ಆಸಿಡ್ ತಿಂದ ಜಾಗವನ್ನು ಸೆರಗಿನಿಂದ ಒರೆಸಿದಳು. "ಪಾಪ, ಆವಾಗ್ಲೂ ಹಿಟ್ಟಿಂದೇ ಚಿಂತೆ ಇದಕ್ಕೆ" ಎಂದಳು. ಗಿರಿಜೆ ಒಳಗೆ ಹೋಗಿ ಗಿರಣಿಯ ಹಿಟ್ಟನ್ನೇ ಕಲಸಿ ರೊಟ್ಟಿ ಬಡಿಯತೊಡಗಿದಳು. ಆ ಸದ್ದು ಕೇಳಿ ನನಗೆ ಎಷ್ಟು ಹಗುರಾಯಿತೆಂದರೆ, ಹವಾಲ್ದಾರರಿಗೆ ಎರಡು ಸಲ ಕಾಫಿ ಕೊಟ್ಟೆ.

ಬಸ್ಸಿಗೆ ಬಿಡಲು ಹೋದಾಗ, "ಅವ್ವನ ಮನಸ್ಸಿಗಾಗಿ ಚೆನ್ನಾಗಿ ಕಟ್ಟಿ ಹೇಳಿದ್ರಿ" ಎಂದೆ. ಅವರಿಗೆ ಸಿಟ್ಟು ಬಂತು. "ಕಟ್ಟೋದೇನ್ರಿ? ನಾನು ಅಡಿಗೆ ಡೇರೆಯಾಗಿದ್ದೆ. ದಿನಾ ವೈರ್‌ಲೆಸ್ಸಿನೋರ ಹತ್ರ ಹೋಗಿ ಹಿಟ್ಟು ಕೇಳಿಸ್ತಿದ್ದೋನು ನಾನೇ" ಎಂದು ಬಸ್ಸು ಹತ್ತಿದರು.

ಗಿರಿಜೆಯ ತೋಳು ನಿಧಾನವಾಗಿ ಸುಧಾರಿಸಿತು. ಈಗ ಜಡೆ ತಾನೇ ಹಾಕಿಕೊಳ್ಳುತ್ತಾಳೆ. ಮೊನ್ನೆ ಜಡಿಮಳೆಯ ಥಂಡಿಗೆ ಎಂಜಿನ್ನು ಏನು ಮಾಡಿದರೂ ಶುರುವಾಗಲಿಲ್ಲ. ಮನೆಯಲ್ಲಿ ಹಿಟ್ಟು ಮುಗಿದಿತ್ತು. ನಾನು ಎಂಜಿನ್ನಿಗೆ ಒದೆಯಲು ಕಾಲೆತ್ತಿದಾಗ ಗಿರಿಜೆ ತಡೆದಳು.

"ಅದು ಪಾಪ ಯುದ್ಧಕ್ಕೆ ಹೋಗಿ ದಣಿದು ಬಂದದ್ದು. ಒಂದು ದಿನ ಸುಧಾರಿಸ್ಕೊಳ್ಳಲಿ ಬಿಡ್ರಿ. ನೀವು ಯಾವ ಯುದ್ಧಕ್ಕೆ ಹೋಗಿದ್ರಿ?" ಎಂದು ಬೀಸುವ ಕಲ್ಲಿನ ಮುಂದೆ ಚಾಪೆ ಹಾಸಿದಳು.

ಕೊಡೆಗೂ ಎಂಜಿನ್ನಿಗೂ ಪೂರ್ವೇತಿಹಾಸ ಕಟ್ಟಿದವನಿಗೆ ಆ ಹೊತ್ತಿನಲ್ಲಿ ತನ್ನದೊಂದೂ ಹೊಳೆಯಲಿಲ್ಲ. ಕೂತು ಬೀಸಿದೆ.