ಸೆಂಟ್ ಲೆಕ್ಕದ ವೈಫೈ

ನಮ್ಮ ಚಿಕ್ಕಪ್ಪ ವೈಫೈಯನ್ನು ಸೆಂಟ್ ಲೆಕ್ಕದಲ್ಲಿ ಅಳೆಯುತ್ತಾರೆ. ನಗಬೇಡಿ! ನಾನು ಆಗಲೇ ಬೇಕಾದಷ್ಟು ನಕ್ಕು, ಆಮೇಲೆ ನಾಚಿಕೆಪಟ್ಟುಕೊಂಡೂ ಆಗಿದೆ.

ಕೊಡಗಿನವರಿಗೆ ಸೆಂಟ್ ಎಂದರೇನೆಂದು ಹೇಳಬೇಕಾಗಿಲ್ಲ. ಮಿಕ್ಕವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಕಾಫಿ ತೋಟವಿರುವ ಮನೆಯ ಅಂಗಳದಲ್ಲಿ ಮಳೆ ಅಳೆಯುವ ಡಬ್ಬವೊಂದು ಇದ್ದೇ ಇರುತ್ತದೆ. ಬೆಳಿಗ್ಗೆ ಎದ್ದು ಅದರಲ್ಲಿ ಬಿದ್ದ ನೀರನ್ನು ಅಳೆದು ಪುಸ್ತಕದಲ್ಲಿ ಬರೆಯುವುದು ದೇವರಿಗೆ ದೀಪ ಹಚ್ಚುವಷ್ಟೇ ಮುಖ್ಯ. ನೂರು ಸೆಂಟಾದರೆ ಒಂದು ಇಂಚು. ಬರೆದಾದ ಮೇಲೆ ಊರವರಿಗೆಲ್ಲ ಫೋನ್ ಮಾಡಿ "ನಿಮ್ಮಲ್ಲಿ ಎಷ್ಟು?" ಎಂದು ಕೇಳಬೇಕು, ಅವರಲ್ಲಿ ಹೆಚ್ಚು ಬಿದ್ದಿದ್ದರೆ ಹೊಟ್ಟೆ ಉರಿದುಕೊಂಡು ತಿಂಡಿಗೆ ಕೂರಬೇಕು. ಮಳೆ ಬಾರದ ದಿನ 'ನಿಲ್' ಎಂದು ಬರೆಯುತ್ತಾರೆ. ಕಾಫಿ ಹೂವಿಗೆ ಮಳೆ ಬೇಕೇ ಬೇಕಾದ ಮಾರ್ಚ್ ತಿಂಗಳಲ್ಲಿ ಇದಕ್ಕಿಂತ ಕೆಟ್ಟ ಪದ ಇನ್ನೊಂದಿಲ್ಲ. ಚಿಕ್ಕಪ್ಪ ಅದನ್ನು ಎಷ್ಟು ಸಣ್ಣಕ್ಕೆ ಬರೆಯುತ್ತಾರೆಂದರೆ ಓದಲು ಭೂತಗನ್ನಡಿ ಬೇಕು.

ಚಿಕ್ಕಪ್ಪ ಸುಂಟಿಕೊಪ್ಪದ ಹತ್ತಿರ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದವರು. ಕತೆ ಕಾದಂಬರಿಯ ರೈಟರ್ ಎಂದುಕೊಳ್ಳಬೇಡಿ; ಕೆಲಸದವರ ಹಾಜರಿ, ಗೊಬ್ಬರ, ಕಾಫಿ ಹಣ್ಣಿನ ಪಿಕಿಂಗ್ ಎಲ್ಲವನ್ನೂ ಗೆರೆ ಹಾಕಿದ ಪುಸ್ತಕದಲ್ಲಿ ಬರೆದಿಡುವ ರೈಟರ್. ಈಗ ನಿವೃತ್ತಿಯಾಗಿ ತಮ್ಮದೇ ಚಿಕ್ಕ ತೋಟ ನೋಡಿಕೊಂಡಿದ್ದಾರೆ. ಬರೆಯುವ ಚಟ ಮಾತ್ರ ನಿವೃತ್ತಿಯಾಗಿಲ್ಲ. ಯಾವ ವಸ್ತು ಕೊಳ್ಳಬೇಕಾದರೂ ಮೊದಲು ಅಳೆದು, ಬರೆದು, ಹೋಲಿಸಿ ನೋಡಬೇಕು. ಚಿಕ್ಕಮ್ಮನಿಗೆಂದು ಅವರು ಮಿಕ್ಸಿ ಆರಿಸಿ ಮುಗಿಸುವಷ್ಟರಲ್ಲಿ ಆ ಮಾದರಿಯನ್ನು ತಯಾರಿಸುವುದನ್ನೇ ನಿಲ್ಲಿಸಿಬಿಟ್ಟಿದ್ದರು!

ಇಂಥವರು ಫೆಬ್ರುವರಿಯ ಒಂದು ದಿನ ನನಗೆ ಫೋನ್ ಮಾಡಿದರು. ನಾನು ಮಡಿಕೇರಿಯಲ್ಲಿ ಒಂದು ಕಚೇರಿಯ ಗುಮಾಸ್ತೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳಾದ್ದರಿಂದ ನಮ್ಮ ಕುಟುಂಬಕ್ಕೆ ನಾನೇ ವಿಜ್ಞಾನಿ.

"ಮಗಾ, ಈ ಮೆಶ್ ವೈಫೈ ಅಂದ್ರೆ ಎಂತದು?"

"ಒಂದು ಡಬ್ಬದ ಸಿಗ್ನಲ್ ಮನೆಯಿಡೀ ತಲುಪದಿದ್ರೆ ಎರಡೋ ಮೂರೋ ಇಡೋದು ಚಿಕ್ಕಪ್ಪ. ಒಂದು ಇನ್ನೊಂದಕ್ಕೆ ದಾಟಿಸ್ತಾ ಹೋಗ್ತದೆ."

"ಓಹೋ, ಸಾಲಲ್ಲಿ ನಿಂತು ಬುಟ್ಟಿ ದಾಟಿಸಿದ ಹಾಗೆ."

"ಅದೇ, ಅದೇ."

"ಮಧ್ಯದವ ಬೀಡಿ ಸೇದ್ಲಿಕ್ಕೆ ಹೋದ್ರೆ?"

ಈ ಪ್ರಶ್ನೆಗೆ ಉತ್ತರ ಯಾವ ಕಂಪನಿಯವರಲ್ಲಾದರೂ ಇದೆಯೋ ಇಲ್ಲವೋ!

ಇಷ್ಟಕ್ಕೂ ಅವರ ಮನೆಗೆ ಇದು ಬೇಕಿತ್ತು ಎನ್ನಿ. ಮೂರು ತಲೆಮಾರಿನವರು ಸರದಿಯ ಮೇಲೆ ಹಿಂದಕ್ಕೆ ಹಿಂದಕ್ಕೆ ಉದ್ದ ಮಾಡಿಕೊಂಡು ಹೋದ ಮನೆ ಅದು. ಕೊಡಗಿನಲ್ಲಿ ರೈಲಿಲ್ಲ ಎನ್ನುವವರು ಅದನ್ನೊಮ್ಮೆ ನೋಡಬೇಕು! ಗೋಡೆಗಳೋ, ಒಂದೂವರೆ ಮೊಳ ದಪ್ಪದ ಮಣ್ಣಿನವು. ಮುಂದಿನ ಹಜಾರದಲ್ಲಿರುವ ವೈಫೈ ಎರಡನೇ ಗೋಡೆ ದಾಟುವಷ್ಟರಲ್ಲಿ ಪ್ರಾಣ ಬಿಡುತ್ತದೆ. ಮೊಬೈಲ್ ರೇಂಜ್ ಕೂಡ ಮನೆಯೊಳಗೆ ಬರುವುದಿಲ್ಲ. ಅದು ಸಿಗುವುದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಅದೂ ಮನಸ್ಸಿದ್ದರೆ.

ಆ ಕಲ್ಲು ನಮ್ಮ ಚಿಕ್ಕಮ್ಮನದು. ದಿನಾ ಸಂಜೆ ನಾಲ್ಕು ಗಂಟೆಗೆ ಅವರು ಅಲ್ಲಿ ಕೂತು ಸಂಪಾಜೆಯಲ್ಲಿರುವ ತಂಗಿಗೆ ವಿಡಿಯೋ ಕಾಲ್ ಮಾಡುತ್ತಾರೆ. ಆ ತಂಗಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬಾರದು, ಶಾಲೆಗೂ ಕಳಿಸಿರಲಿಲ್ಲ. ಅಕ್ಕತಂಗಿ ಚಿಕ್ಕಂದಿನಲ್ಲಿ ತಾವೇ ಕಟ್ಟಿಕೊಂಡ ಕೈಭಾಷೆಯೊಂದಿದೆ. ಅವರಿಬ್ಬರಿಗೆ ಬಿಟ್ಟರೆ ಇನ್ನಾರಿಗೂ ಅದು ತಿಳಿಯದು. ಮದುವೆಯಾಗಿ ಬೇರೆ ಬೇರೆ ಊರು ಸೇರಿದ ಮೇಲೆ ಕಾಗದವೂ ಇಲ್ಲ, ಫೋನೂ ಇಲ್ಲ. ಹುತ್ತರಿ ಹಬ್ಬಕ್ಕೊಮ್ಮೆ, ಯಾರದಾದರೂ ಮದುವೆಗೊಮ್ಮೆ ಎದುರೆದುರು ಕೂತಾಗಷ್ಟೇ ಮಾತು. ನಲವತ್ತು ವರ್ಷ ಹಾಗೇ ಕಳೆಯಿತು. ಈಗ ವಿಡಿಯೋ ಬಂದು ದಿನಾ ಮಾತಾಡುವ ಯೋಗ ಬಂದರೆ, ಆ ಕಲ್ಲಿನ ಮೇಲಿನ ರೇಂಜ್ ಕೈ ಕೊಡುತ್ತದೆ. ಚಿತ್ರ ನಿಂತರೆ ತಂಗಿಯ ಕೈ ಗಾಳಿಯಲ್ಲೇ ನಿಂತುಬಿಡುತ್ತದೆ, ಮಾತು ಅಲ್ಲಿಗೇ ಕಡಿಯುತ್ತದೆ.

"ಅಮ್ಮಾ, ಹಜಾರಕ್ಕೆ ಬಂದು ವೈಫೈಯಲ್ಲಿ ಮಾತಾಡಬಾರದಾ?" ಎಂದು ಮಗ ಸಾವಿರ ಸಲ ಹೇಳಿದ್ದಾನೆ.

"ನಂಗೆ ಇಲ್ಲೇ ಗಾಳಿ ಒಳ್ಳೇದುಂಟು" ಎನ್ನುತ್ತಾರೆ ಚಿಕ್ಕಮ್ಮ. ಬಿಸಿಲಿಗೂ ಅದೇ ಉತ್ತರ, ಸೊಳ್ಳೆಗೂ ಅದೇ ಉತ್ತರ. ಹಟಮಾರಿ ಹೆಂಗಸು ಎಂದು ನಾವೆಲ್ಲ ಕೈಬಿಟ್ಟಿದ್ದೆವು.

ಚಿಕ್ಕಪ್ಪನ ಬಾಯಲ್ಲಿ ಈ ವಿಷಯ ಒಂದು ದಿನವೂ ಬರಲಿಲ್ಲ. ವೈಫೈ ಯಾಕೆ ಎಂದು ಕೇಳಿದರೆ "ಹವಾಮಾನ ನೋಡ್ಲಿಕ್ಕೆ" ಎಂದರು. ನೋಡುವುದೇನು ಬಂತು? ಅಳೆಯತೊಡಗಿದರು. ಹೇಗೂ ಮಳೆಯಿಲ್ಲದೆ ಪುಸ್ತಕ ಖಾಲಿ ಹೊಡೆಯುತ್ತಿತ್ತು. ಅದರಲ್ಲೇ ಗೆರೆ ಎಳೆದು ಹಜಾರ, ನಡುಮನೆ, ಅಡುಗೆಮನೆ, ದೇವರ ಕೋಣೆ, ಅಟ್ಟ, ಬಚ್ಚಲು, ಕಲ್ಲು ಎಂದು ಕಾಲಂ ಮಾಡಿದರು. ಫೋನ್ ಹಿಡಿದುಕೊಂಡು ಒಂದೊಂದು ಕಡೆ ಎರಡೆರಡು ನಿಮಿಷ ನಿಂತು, ಪರದೆಯ ಮೇಲೆ ಬಂದ ವೇಗವನ್ನು ಸೆಂಟ್ ಎಂದು ಬರೆದುಕೊಳ್ಳುವುದು.

"ಬಚ್ಚಲಲ್ಲಿ ಯಾಕೆ ಚಿಕ್ಕಪ್ಪ? ಅಲ್ಲಿ ಯಾರು ಫೋನ್ ನೋಡ್ತಾರೆ?"

"ಎಲ್ಲಿ ಬೀಳ್ತದೆ ಅಂತ ಮೊದಲೇ ಹೇಳ್ಲಿಕ್ಕಾಗ್ತದಾ? ಅಳೀಬೇಕು."

ಒಂದು ಬೆಳಿಗ್ಗೆ ಅಮ್ಮತ್ತಿ ಕಡೆಯ ಅವರ ಹಳೆಯ ಗೆಳೆಯರೊಬ್ಬರು ಪದ್ಧತಿಯಂತೆ ಫೋನ್ ಮಾಡಿ "ಎಷ್ಟು ಬಿತ್ತು?" ಎಂದರಂತೆ. "ಮಳೆ ನಿಲ್. ವೈಫೈ ಅಡುಗೆಮನೆಲಿ ಎಂಟು ಸೆಂಟ್" ಎಂದರಂತೆ ಇವರು. ಆ ಕಡೆಯಿಂದ ನಿಟ್ಟುಸಿರು: "ನೀವು ಪುಣ್ಯವಂತರು ಮಾರಾಯ್ರೆ, ನಮ್ಮ ಕಡೆ ಅದೂ ಹನಿ ಇಲ್ಲ!"

ಮಾರ್ಚ್ ಮೊದಲ ವಾರ ಕುಶಾಲನಗರದ ಅಂಗಡಿಗೆ ಹೋದೆವು. ಜೀಪಿನ ಹಿಂದೆ ಗೋಣಿ ಮುಚ್ಚಿದ ಏನೋ ಒಂದಿತ್ತು. ಕೇಳಿದರೆ "ಇರಲಿ, ಬೇಕಾಗ್ತದೆ" ಎಂದರು. ಅಂಗಡಿಯವನು ಮನೆಯಲ್ಲಿ ಮಲಯಾಳಂ ಆಡುವ ಹುಮ್ಮಸ್ಸಿನ ಮನುಷ್ಯ. ಎರಡು ಡಬ್ಬದ್ದು, ಮೂರು ಡಬ್ಬದ್ದು, ಕೊಂಬಿದ್ದದ್ದು, ಕೊಂಬಿಲ್ಲದ್ದು ಎಲ್ಲವನ್ನೂ ಗಾಜಿನ ಮೇಜಿನ ಮೇಲೆ ಜೋಡಿಸಿದ.

"ಸುತ್ತ ಎಷ್ಟು ಅಡಿ ಹೊಡೀತದೆ?" ಚಿಕ್ಕಪ್ಪ ಶುರು ಮಾಡಿದರು. ತೋಟಕ್ಕೆ ಸ್ಪ್ರಿಂಕ್ಲರ್ ಕೊಂಡಾಗಲೂ ಅವರು ಕೇಳಿದ್ದು ಇದನ್ನೇ.

"ಇಡೀ ಮನೆ ಕವರ್ ಆಗ್ತದೆ ಸಾರ್! ಗ್ಯಾರಂಟಿ ಉಂಟು."

"ಯಾರ ಮನೆ?"

ಅಂಗಡಿಯವನು ನನ್ನ ಮುಖ ನೋಡಿದ. ನಾನು ಫ್ಯಾನ್ ನೋಡಿದೆ. ಅಷ್ಟರಲ್ಲಿ ಚಿಕ್ಕಪ್ಪ ಹೊರಗೆ ಹೋಗಿ ಆ ಗೋಣಿಯ ಗಂಟನ್ನು ಹೊಟ್ಟೆಗಾನಿಸಿ ಎತ್ತಿಕೊಂಡು ಬಂದು ಮೇಜಿನ ಮೇಲೆ ದೊಪ್ಪೆಂದು ಇಟ್ಟರು. ಮನೆಯ ಗೋಡೆ! ಹೋದ ವರ್ಷ ಕಿಟಕಿ ಅಗಲ ಮಾಡುವಾಗ ಒಡೆದು ತೆಗೆದ ಮಣ್ಣಿನ ಹೆಂಟೆ, ಸುಣ್ಣ ಸಮೇತ.

"ಇದರ ಆ ಕಡೆ ನಿಮ್ಮ ಡಬ್ಬ ಇಡಿ, ಈ ಕಡೆ ನನ್ನ ಫೋನ್. ಬರ್ತದಾ ನೋಡುವ."

ಬಂತು. ಪೂರಾ ಬಂತು. ಅಂಗಡಿಯವನು ಹಲ್ಲು ಬಿಟ್ಟ. ಚಿಕ್ಕಪ್ಪ ಮಾತ್ರ ಬಗ್ಗಿ, ಹೆಂಟೆಯ ಎಡಬಲ ನೋಡಿ, ತಲೆಯಾಡಿಸಿದರು. "ಇದು ಗೋಡೆ ದಾಟಿ ಬಂದದ್ದಲ್ಲ. ಕಾಫಿ ಕಳ್ಳನ ಹಾಗೆ ಬೇಲಿ ಸುತ್ತಿ ಬಂದದ್ದು. ಇನ್ನೂ ನಾಲ್ಕು ಹೆಂಟೆ ಮನೆಯಲ್ಲುಂಟು, ನಾಳೆ ತರ್ತೇನೆ."

"ಅಯ್ಯೋ ಸಾರೇ, ಬೇಡ!" ಅಂಗಡಿಯವನು ಕೈಮುಗಿದ. "ಮೂರು ಡಬ್ಬದ್ದು ತಕೊಂಡು ಹೋಗಿ, ಒಂದು ವಾರ ಇಟ್ಟು ನೋಡಿ. ಆಗದಿದ್ರೆ ವಾಪಸ್ ತನ್ನಿ. ಗೋಡೆ ಮಾತ್ರ ಇನ್ನೊಮ್ಮೆ ತರ್ಬೇಡಿ." ನನಗೆ ತಿಳಿದಂತೆ ಆ ಅಂಗಡಿಯಲ್ಲಿ ಇಂಥ ಸವಲತ್ತು ಪಡೆದವರು ಇವರೊಬ್ಬರೇ.

ಮನೆಗೆ ಬಂದ ಮೇಲೆ ಜಗಳವೋ ಜಗಳ. ಮೊದಲನೆಯ ಡಬ್ಬ ಹಜಾರದಲ್ಲಿ, ಎರಡನೆಯದು ನಡುಮನೆಯಲ್ಲಿ. ಅಷ್ಟಕ್ಕೆ ಎಲ್ಲರೂ ಒಪ್ಪಿದರು. ಮೂರನೆಯದು ಎಲ್ಲಿ? ಮಗನಿಗೆ ಅಟ್ಟದ ಮೇಲಿನ ತನ್ನ ಕೋಣೆಯಲ್ಲಿ ಬೇಕು. ಸೊಸೆಗೆ ಅಡುಗೆಮನೆಯಲ್ಲಿ ಬೇಕು. ಚಿಕ್ಕಪ್ಪ ಸ್ಟೂಲ್ ತಂದು, ಹಿತ್ತಲ ಜಗುಲಿಯ ಸೂರಿನಡಿ, ಒಗೆಯುವ ಕಲ್ಲಿಗೆ ನೇರವಾಗಿ ಹಲಗೆ ಹೊಡೆದು ಅದರ ಮೇಲೆ ಇಟ್ಟರು!

"ಅಪ್ಪಾ, ಬಟ್ಟೆಗೆ ಎಂತಕ್ಕೆ ವೈಫೈ?" ಎಂದು ಮಗ ಕಿರುಚಿದ.

"ಸ್ಪ್ರಿಂಕ್ಲರ್ ಇಡುವಾಗ ಬದಿಯ ಸಾಲಿನ ಗಿಡ ಒಣಗ್ಲಿಕ್ಕೆ ಬಿಡಬಾರದು" ಎಂದರು ಚಿಕ್ಕಪ್ಪ. ಯಾರಿಗೂ ತಲೆಬುಡ ತಿಳಿಯಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಶುಕ್ರವಾರ ಫೋನ್ ಬಂತು. ದನಿ ಸೋತಿತ್ತು. "ಮಗಾ, ಇದು ಆಗುವ ಹಾಗೆ ಕಾಣೋದಿಲ್ಲ. ಐದು ದಿನದಿಂದ ಕಲ್ಲಿನ ಹತ್ತಿರ ನಿಲ್. ನಾಡಿದ್ದು ವಾರ ಮುಗೀತದೆ, ವಾಪಸ್ ಕೊಡುವ."

ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋದೆ. ಮಾಪನ ನೋಡೋಣವೆಂದು ಮೊದಲು ಮಳೆ ಪುಸ್ತಕ ತೆರೆದೆ. ಹಜಾರ ಮೂವತ್ತು ಸೆಂಟ್, ನಡುಮನೆ ಇಪ್ಪತ್ತೆಂಟು, ಎಲ್ಲ ಸರಿಯಾಗಿತ್ತು. ಕಲ್ಲಿನ ಕಾಲಂನಲ್ಲಿ ಮಾತ್ರ ಪ್ರತಿದಿನದ ಜಾಗದಲ್ಲೂ ಎರಡೆರಡು ಬರಹ. ಮೇಲೆ ಸಣ್ಣದಾಗಿ 'ನಿಲ್', ಕೆಳಗೆ ಬೇರೊಂದು ಸಂಖ್ಯೆ. ಹನ್ನೊಂದು. ಒಂಬತ್ತು. ಹದಿನಾಲ್ಕು. ಹಿಂದಿನ ಹಾಳೆ ತಿರುವಿದರೆ ಫೆಬ್ರುವರಿಯಿಂದಲೂ ಇತ್ತು. ಹದಿನೇಳು ಎಂದಿದ್ದ ಒಂದು ದಿನದ ಪಕ್ಕದಲ್ಲಿ 'ಊಟ ಮಾಡಲಿಲ್ಲ' ಎಂದು ಬರೆದಿತ್ತು.

"ಇದೆಂತ ಚಿಕ್ಕಪ್ಪ ಹದಿನಾಲ್ಕು? ಸೆಂಟಾ?"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಸೆಂಟ್ ಅಲ್ಲ. ಸಲ."

"ಎಂತ ಸಲ?"

"ನಿನ್ನ ಚಿಕ್ಕಮ್ಮ ತಂಗಿ ಹತ್ರ 'ಮತ್ತೆ ಹೇಳು' ಅಂದದ್ದು."

ದಿನಾ ನಾಲ್ಕಕ್ಕೆ "ಮೆಣಸಿನ ಚೀಲ ನೋಡಿ ಬರ್ತೇನೆ" ಎಂದು ಇವರು ಉಗ್ರಾಣಕ್ಕೆ ಹೋಗುವುದು ನನಗೂ ಗೊತ್ತಿತ್ತು. ಅಲ್ಲಿನ ಕಿಟಕಿಯಿಂದ ಆ ಕಲ್ಲು ಕಾಣುತ್ತದೆ. ಅಕ್ಕತಂಗಿಯ ಭಾಷೆಯಲ್ಲಿ ಇವರು ಕಲಿತದ್ದು ಅದೊಂದೇ ಮಾತು: ಮೊರದಲ್ಲಿ ಅಕ್ಕಿ ಕೇರುವಂತೆ ಎರಡೂ ಅಂಗೈ ಎತ್ತಿ ತನ್ನ ಕಡೆಗೆ ಎಳೆದುಕೊಳ್ಳುವುದು. ಚಿತ್ರ ನಿಂತಾಗೆಲ್ಲ ಚಿಕ್ಕಮ್ಮ ಹಾಗೆ ಮಾಡುತ್ತಾರೆ. ಇವರು ಒಂದು ಗೆರೆ ಎಳೆಯುತ್ತಾರೆ.

"ಹಜಾರದಲ್ಲಿ ಕೂತ್ರೆ ಆಗ್ತಿತ್ತಲ್ಲ ಚಿಕ್ಕಪ್ಪ?"

"ಕೂರೋದಿಲ್ಲ ಅವಳು. ಎಲ್ಲರೆದುರು ಕೈ ಎತ್ತೋದಿಲ್ಲ. ನಗ್ತಾರೆ ಅಂತ."

ನನ್ನ ಮುಖಕ್ಕೆ ಯಾರೋ ನೀರೆರಚಿದಂತಾಯಿತು. ಎಂಟು ವರ್ಷದವಳಿದ್ದಾಗ ಒಂದು ಮದುವೆಮನೆಯಲ್ಲಿ, ಮಕ್ಕಳ ಗುಂಪಿನ ನಡುವೆ ನಿಂತು, ಇದೇ ಅಕ್ಕಿ ಕೇರುವ ಆಟ ಆಡಿ ಎಲ್ಲರನ್ನೂ ನಗಿಸಿದ್ದವಳು ನಾನು. ಚಿಕ್ಕಮ್ಮ ನೋಡಿದ್ದರು. ಬೈಯಲಿಲ್ಲ. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ನನಗೆ ಅದು ಇಷ್ಟು ವರ್ಷ ನೆನಪೇ ಇರಲಿಲ್ಲ, ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ಎದ್ದು ಹಿತ್ತಲಿಗೆ ಓಡಿದೆ. ಈ ಡಬ್ಬ ಹೇಗಾದರೂ ಕೆಲಸ ಮಾಡಲೇಬೇಕು! ಸೂರಿನಡಿ ನೋಡಿದರೆ ಹಲಗೆಯ ಮೇಲೆ ಡಬ್ಬವೇ ಕಾಣಲಿಲ್ಲ. ಬದಲಿಗೆ ಹಳೆಯ ಮಳೆಮಾಪನದ ತಗಡಿನ ಡಬ್ಬ ಬೋರಲಾಗಿ ಕೂತಿತ್ತು.

"ವೈಫೈ ಎಲ್ಲಿ ಚಿಕ್ಕಪ್ಪ?"

"ಅದರೊಳಗುಂಟು. ಕೋಳಿ ಬಂದು ಕೂತ್ರೆ? ಇರಚಲು ಹೊಡೆದ್ರೆ? ಮೂವತ್ತು ವರ್ಷ ಮಳೆಗಾಳಿಗೆ ಅಲ್ಲಾಡದೆ ನಿಂತ ಡಬ್ಬ ಅದು!"

"ತಗಡಿನೊಳಗೆ ಇಟ್ರೆ ಸಿಗ್ನಲ್ ಹೊರಗೆ ಬರೋದು ಹೇಗೆ ಚಿಕ್ಕಪ್ಪ!"

ಅವರು ಡಬ್ಬವನ್ನೂ ನನ್ನನ್ನೂ ಎರಡು ಸಲ ನೋಡಿದರು. "ಮಧ್ಯದವ ಸರಿ ಇದ್ದ, ಹಾಗಾದ್ರೆ" ಎಂದರು ಮೆಲ್ಲಗೆ. "ಕಡೆಯವನ ಕೈ ಕಟ್ಟಿ ಹಾಕಿದ್ದು ನಾನೇ." ತಗಡು ತೆಗೆದು, ಕೋಳಿ ಕೂರದಂತೆ ಬಿದಿರಿನ ಬುಟ್ಟಿ ಕವುಚಿದೆವು. ಚಿಕ್ಕಮ್ಮನ ಫೋನನ್ನು ಇಸಿದುಕೊಂಡು ವೈಫೈಗೆ ಸೇರಿಸಿ ಕೊಟ್ಟೆ.

ನಾಲ್ಕು ಗಂಟೆಗೆ ನಾನೂ ಚಿಕ್ಕಪ್ಪನೂ ಉಗ್ರಾಣದ ಕಿಟಕಿಯ ಹಿಂದೆ, ಮೆಣಸಿನ ಚೀಲಗಳ ನಡುವೆ ನಿಂತೆವು. ಅವರ ಕೈಯಲ್ಲಿ ಪುಸ್ತಕ, ಪೆನ್ಸಿಲ್. ಚಿಕ್ಕಮ್ಮ ಫೋನನ್ನು ಬಕೆಟ್ಟಿಗೆ ಒರಗಿಸಿ ಕೂತರು, ಕೈ ಎತ್ತಿದರು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಅವರ ಕೈಗಳು ಅಷ್ಟು ವೇಗವಾಗಿ ಆಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಬೈದರು, ನಕ್ಕರು, ಯಾರದೋ ಚಾಡಿ ಹೇಳಿದರು. ಚಾಡಿ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದಲ್ಲ! ಅಕ್ಕಿ ಕೇರುವ ಸನ್ನೆ ಒಂದು ಸಲವೂ ಬರಲಿಲ್ಲ. ಚಿಕ್ಕಪ್ಪ ಪೆನ್ಸಿಲನ್ನು ಹಾಳೆಯ ಮೇಲೆ ಊರಿಕೊಂಡು ನಿಂತೇ ಇದ್ದರು.

ಕಡೆಯಲ್ಲಿ ತಂಗಿ ಏನೋ ಕೇಳಿರಬೇಕು. ಚಿಕ್ಕಮ್ಮ ಅಂಗೈ ಮೇಲೆ ಬೆರಳಿನಿಂದ ಗೀಚಿ ತೋರಿಸಿದರು, ಪುಸ್ತಕ ಬರೆಯುವವರಂತೆ. ಆಮೇಲೆ ತಿರುಗಿಯೂ ನೋಡದೆ, ಹೆಬ್ಬೆರಳಿನಿಂದ ನೇರವಾಗಿ ನಮ್ಮ ಕಿಟಕಿಯನ್ನು ತೋರಿಸಿ ಜೋರಾಗಿ ನಕ್ಕರು.

"ಗೊತ್ತಿತ್ತಾ ಇವಳಿಗೆ!" ಎಂದರು ಚಿಕ್ಕಪ್ಪ. ಅವರ ಕಿವಿ ಕೆಂಪಾಗಿತ್ತು. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು.

ಫೋನ್ ಇಟ್ಟ ಮೇಲೆ ಅವರು ಕನ್ನಡಕ ಸರಿಮಾಡಿಕೊಂಡು ಆ ದಿನದ ಲೆಕ್ಕ ಬರೆದರು. ಈ ಸಲ ಭೂತಗನ್ನಡಿ ಬೇಕಾಗಲಿಲ್ಲ. ಕಲ್ಲಿನ ಕಾಲಂ ದಾಟಿ, ಬಚ್ಚಲನ್ನೂ ಅಟ್ಟವನ್ನೂ ತುಂಬಿಕೊಂಡು, ಕಿಟಕಿಯಾಚೆಯಿಂದ ಚಿಕ್ಕಮ್ಮನಿಗೂ ಕಾಣುವಷ್ಟು ದೊಡ್ಡದಾಗಿ ಬರೆದರು: ನಿಲ್.