ಭಾಷಣ ಕೂಟದ ಗಂಟೆಗೆ, ‘ಇವರು’ ಎಂಬ ಪದದ ಪರವಾಗಿ

ಮಾನ್ಯ ಗಂಟೆಯವರೇ,

ಕವುಚಿಟ್ಟ ಬಟ್ಟಲಿನಷ್ಟೇ ಗಾತ್ರದವರಾದರೂ ಸಭೆಯಲ್ಲಿ ಕೊನೆಯ ಮಾತು ತಮ್ಮದೇ ಆಗಿರುವುದರಿಂದ, ಮೊದಲಿಗೆ ತಮಗೆ ತಲೆಬಾಗಿ ವಂದಿಸುತ್ತೇನೆ. ತಮ್ಮ ಹಿತ್ತಾಳೆಯ ಹೊಳಪು ಮಾಸದಿರಲಿ, ನೆತ್ತಿಯ ಮೇಲಿನ ಗುಂಡಿ ಎಂದೂ ಸಿಕ್ಕಿಕೊಳ್ಳದಿರಲಿ. ಕಳೆದ ಶನಿವಾರ ಸಂಜೆ ವಾಚನಾಲಯದ ಮಹಡಿಯಲ್ಲಿ ನಡೆದ ಭಾಷಣ ಕೂಟದಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದ, ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯವನು ನಾನು.

ಭಾಷಣಕಾರರ ಬಾಯಿಂದ ‘ಅದು’, ‘ಇದು’, ‘ಏನಪ್ಪಾ ಅಂದ್ರೆ’ ಮುಂತಾದ ಬೇಡದ ಪದಗಳು ಜಾರಿದೊಡನೆ ಟಣ್ ಎಂದು ಎಚ್ಚರಿಸುವ ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಸಾಲದು. ಅಂದು ಮೊದಲು ಎದ್ದ ವಿಮಾ ಏಜೆಂಟರ ಮಾತಿನಿಂದ ತಾವು ‘ಏನಪ್ಪಾ ಅಂದ್ರೆ’ಗಳನ್ನೆಲ್ಲ ಕಲ್ಲು ಆರಿಸಿದಂತೆ ಆರಿಸಿ ತೆಗೆದ ಮೇಲೆ ಉಳಿದದ್ದು ‘ಎಲ್ಲರಿಗೂ ನಮಸ್ಕಾರ’ ಮತ್ತು ‘ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ’ ಮಾತ್ರ. ಸಭಿಕರು ತಮಗೆ ಮನಸ್ಸಿನಲ್ಲೇ ಕೈ ಮುಗಿದರು.

ಎರಡನೆಯ ಭಾಷಣ ನನ್ನ ಹೆಂಡತಿಯದು. ನಮ್ಮ ಓಣಿಯ ಸೈಕಲ್ಲುಗಳೆಲ್ಲ ಅವಳ ಕೈಯಲ್ಲೇ ರಿಪೇರಿಯಾಗುವುದು. ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗದ ಮೇಲೂ ಟ್ಯೂಬುಗಳೇ ನೇತಾಡುತ್ತಿರುತ್ತವೆ. ನಮ್ಮ ಅಂಗಡಿಯ ಎದುರಿನ ಖಾಲಿ ಮಳಿಗೆಯಲ್ಲಿ ಸ್ವಂತ ಅಂಗಡಿ ಹಾಕಬೇಕೆಂಬುದು ಅವಳ ಬಹುಕಾಲದ ಆಸೆ. ಮೊದಲ ಸಲ ನಾನು ‘ಬೇಡ’ ಎಂದೆ; ಆಮೇಲೆ ಅವಳು ಕೇಳಿದಾಗಲೆಲ್ಲ ‘ನೋಡೋಣ’ ಎನ್ನುತ್ತಿದ್ದೆ, ನೋಡುತ್ತಿರಲಿಲ್ಲ. ಕೊನೆಗೆ ಅವಳು, “ಮನೇಲಿ ಹೇಳಿದ್ರೆ ನಿಮಗೆ ಕೇಳಿಸಲ್ಲ. ಎಲ್ಲರ ಮುಂದೆ ಹೇಳ್ತೀನಿ, ಬಂದು ಕೂತ್ಕೊಳ್ಳಿ” ಎಂದಳು. ಅಷ್ಟರಲ್ಲಿ ನನಗೂ ಬುದ್ಧಿ ಬಂದಿತ್ತು. ಅವಳು ಕೇಳಿದ ತಕ್ಷಣ ಎದ್ದು ನಿಂತು, ಸಭೆಯ ಸಾಕ್ಷಿಯಾಗಿ ‘ಆಗಲಿ’ ಎಂದು ದೊಡ್ಡ ಮನುಷ್ಯನಾಗಿಬಿಡುವುದೆಂದು ತೀರ್ಮಾನಿಸಿಯೇ ಬಂದಿದ್ದೆ.

ಆದರೆ ಮಾನ್ಯರೇ, ಮದುವೆಯಾದಂದಿನಿಂದ ನನ್ನ ಹೆಂಡತಿಯ ಬಾಯಲ್ಲಿ ನನ್ನ ಹೆಸರು ಬಂದಿಲ್ಲ. ಹಾಲಿನವನ ಮುಂದಾಗಲಿ ಡಾಕ್ಟರ ಮುಂದಾಗಲಿ ನಾನು ‘ಇವರು’. ಅಂದು ತಮ್ಮನ್ನು ಬಾರಿಸಲೆಂದು ತಮ್ಮ ನೆತ್ತಿಯ ಗುಂಡಿಯ ಮೇಲೆ ಬೆರಳಿಟ್ಟು ಕುಳಿತಿದ್ದ ದಂತವೈದ್ಯರೋ ಅವಿವಾಹಿತರು. ಹೆಸರು ನೆನಪಾಗದೆ ತಡವರಿಸುವವರು ‘ಇವರು... ಇವರು...’ ಎನ್ನುವುದನ್ನು ಅವರು ಕೇಳಿದ್ದರೇ ಹೊರತು, ಆ ಪದಕ್ಕೆ ಗಂಡ ಎಂಬ ಅರ್ಥವೂ ಉಂಟೆಂದು ಅವರಿಗೆ ಹೇಗೆ ತಿಳಿಯಬೇಕು, ಪಾಪ.

“ಮೊದಲು ಇವರು ಬೇಡ ಅಂದ್ರು.” ಟಣ್. “ಆಮೇಲೆ ಇವರು ನೋಡೋಣ ಅಂದ್ರು.” ಟಣ್. ವಿವರಿಸಲೆಂದು ನಾನು ಅರ್ಧ ಎದ್ದೆ. ಅಧ್ಯಕ್ಷರು ಕಣ್ಣಲ್ಲೇ ಕೂರಿಸಿದರು. ಕೊನೆಗೆ ನಾನು ಕಾಯುತ್ತಿದ್ದ ಆ ವಾಕ್ಯ ಬಂತು. “ಇವರು ಒಪ್ಪಿದ್ರೆ, ಎದುರಿನ ಮಳಿಗೇಲಿ ಸೈಕಲ್ ಅಂಗಡಿ ತೆರೀತೀನಿ.” ತಾವು ಮತ್ತೆ ಟಣ್ ಎಂದಿರಿ. ಅವಳು ಒಂದು ಗುಟುಕು ನೀರು ಕುಡಿದಳು, ತಮ್ಮನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ವಾಕ್ಯವನ್ನು ತಿದ್ದಿಕೊಂಡು ಹೇಳಿದಳು: “ಎದುರಿನ ಮಳಿಗೇಲಿ ಸೈಕಲ್ ಅಂಗಡಿ ತೆರೀತೀನಿ.”

ತಾವು ಮೌನವಾಗಿದ್ದಿರಿ. ದಂತವೈದ್ಯರು ತಮ್ಮ ಮೇಲಿನ ಬೆರಳು ತೆಗೆದು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದರು. ನಾನು ‘ಆಗಲಿ’ಯನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಎದ್ದು ನಿಂತಿದ್ದೆ, ಗೌರವದಿಂದ ನಿಂತಿದ್ದೇನೆಂದು ಭಾವಿಸಿ ಇಡೀ ಸಭೆಯೇ ಎದ್ದು ನಿಂತಿತು. ವಿಧಿಯಿಲ್ಲದೆ ನಾನೂ ಚಪ್ಪಾಳೆ ತಟ್ಟಿದೆ. ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು. ಯಾವುದು ಹೆಚ್ಚೆಂದು ಇಂದಿಗೂ ಹೇಳಲಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಯೆಂದರೆ, ಆ ಕೊನೆಯ ಟಣ್ ಅನ್ನು ದಯವಿಟ್ಟು ಹಿಂದಕ್ಕೆ ಪಡೆದು, ‘ಇವರು ಒಪ್ಪಿದ್ರೆ’ ಎಂಬುದನ್ನು ಅವಳ ವಾಕ್ಯದೊಳಕ್ಕೆ ಸ್ವಲ್ಪ ಹೊತ್ತಿನ ಮಟ್ಟಿಗಾದರೂ ಮರಳಿಸಬೇಕು. ಹೆಚ್ಚು ಹೊತ್ತೇನೂ ಬೇಡ, ನಾನು ಒಪ್ಪಿ ಮುಗಿಸುವಷ್ಟು ಸಾಕು. ಅದಾಗದಿದ್ದರೆ, ಗಂಡ ಎಂಬವನು ವಾಕ್ಯಕ್ಕೆ ಅಗತ್ಯವೆಂದು ಒಂದು ಪ್ರಮಾಣಪತ್ರವನ್ನಾದರೂ ದಯಪಾಲಿಸಿ. ಕಟ್ಟು ನಾನೇ ಹಾಕಿಕೊಳ್ಳುತ್ತೇನೆ. ಅದೂ ಆಗದಿದ್ದರೆ ತಾವೇ ನಮ್ಮ ಮನೆಗೆ ಬಂದು ಊಟದ ಮೇಜಿನ ಮೇಲೆ ವಾಸವಾಗಿರಬಹುದು. ‘ನೋಡೋಣ’ ಒಂದಕ್ಕೆ ಟಣ್ ಎಂದರೆ ಸಾಕಂತೆ, ನಮ್ಮ ಮನೆಯಲ್ಲಿ ಬೇರೆ ಬೇಡದ ಪದವೇ ಇಲ್ಲವೆಂದು ಅವಳು ಹೇಳುತ್ತಾಳೆ.

ತಮ್ಮ ವಿಶ್ವಾಸಿ,
ಇವರು

ತಾ.ಕ.: ಇಂದು ಬೆಳಿಗ್ಗೆ ಎದುರಿನ ಮಳಿಗೆಗೆ ಬೋರ್ಡು ಏರಿತು. ಅವಳು ಏಣಿಯ ಮೇಲಿದ್ದಳು. ಇದೇ ಸಮಯವೆಂದು ಗಂಟಲು ಸರಿಮಾಡಿಕೊಂಡು, ಈ ಅಂಗಡಿಗೆ ನನ್ನ ಸಂಪೂರ್ಣ ಒಪ್ಪಿಗೆ ಇದೆ ಎಂದು ವಿಧ್ಯುಕ್ತವಾಗಿ ತಿಳಿಸಿದೆ. ಅವಳು ಬಾಯಲ್ಲಿ ಕಚ್ಚಿದ್ದ ಮೊಳೆಯನ್ನು ಕೈಗೆ ತೆಗೆದುಕೊಂಡು, “ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ” ಎಂದಳು. ತಾವು ಅಲ್ಲಿರಲಿಲ್ಲ; ಇದ್ದಿದ್ದರೂ ಆ ವಾಕ್ಯದಲ್ಲಿ ತೆಗೆದುಹಾಕಲು ತಮಗೇನೂ ಸಿಗುತ್ತಿರಲಿಲ್ಲ.